ಜಾಬ್ ಕಾರ್ಡಿನ ಹಿಂಬದಿ

ಪೀಣ್ಯದ ಒಂದು ಸಣ್ಣ ಮಷಿನ್ ಶಾಪ್‌ನಲ್ಲಿ ನಾನು ಪ್ರೊಡಕ್ಷನ್ ನೋಡಿಕೊಳ್ಳುತ್ತೇನೆ. ಆಪರೇಟರ್‌ಗಳು ದಿನದ ಕೆಲಸ, ಪೀಸ್ ಲೆಕ್ಕ ಬರೆಯುವ ಕಾಗದದ ಜಾಬ್ ಕಾರ್ಡ್ ಬಿಟ್ಟು ಟ್ಯಾಬ್ಲೆಟ್‌ಗೆ ಹೋಗೋದು ಅಂತ ತೀರ್ಮಾನವಾಯಿತು. ಓನರ್ ಪ್ರಕಾರ ಅದೊಂದು ಆರ್ಡರ್, ಒಂದನೇ ತಾರೀಖಿನಿಂದ ಕಾಗದ ಬಂದ್. ಅಕೌಂಟ್ಸ್‌ನವರಿಗೆ ಸಾಫ್ಟ್‌ವೇರ್ ಇನ್‌ಸ್ಟಾಲ್ ಆದರೆ ಮುಗೀತು. ಎಚ್‌ಆರ್‌ನವರು ಟ್ರೈನಿಂಗ್ ಕೊಟ್ಟು ಸ್ವೀಟ್ ಹಂಚೋಣ ಎಂದರು. ಎಲ್ಲರಿಗಿಂತ ಜಾಸ್ತಿ ಹುರುಪು ಸ್ಟೋರ್ಸ್ ಮ್ಯಾನೇಜರ್‌ದು. 'ಇನ್ನು ಯಾರು ಕೆಲಸ ಕದೀತಾರೆ ಅಂತ ಗೊತ್ತಾಗುತ್ತೆ ಬಿಡಿ' ಅಂದರು.

ಓನರ್ ಮಗ ಎಂಬಿಎ ಓದಿದವರು. ಮನಶ್ಶಾಸ್ತ್ರಜ್ಞ ಕರ್ಟ್ ಲೆವಿನ್ ಬದಲಾವಣೆ ತರುವ ಬಗ್ಗೆ 1947ರಲ್ಲಿ ಬರೆದ ಮೂರು ಹಂತಗಳನ್ನು ಬೋರ್ಡ್ ಮೇಲೆ ಹಾಕಿದರು: ಕರಗಿಸು, ಬದಲಿಸು, ಮತ್ತೆ ಗಟ್ಟಿ ಮಾಡು. ಸರಿ, ಆದರೆ ಏನನ್ನು ಕರಗಿಸುತ್ತಿದ್ದೇವೆ ಅಂತ ಗೊತ್ತಿರಬೇಕಲ್ವಾ? ನನಗೆ ಕೈಹಿಡಿದದ್ದು ಮರುವರ್ಷ, 1948ರಲ್ಲಿ, ಲೆಸ್ಟರ್ ಕೋಚ್ ಮತ್ತು ಜಾನ್ ಫ್ರೆಂಚ್ ಪ್ರಕಟಿಸಿದ ಪ್ರಯೋಗ. ಅಮೆರಿಕದ ವರ್ಜೀನಿಯಾದ ಹಾರ್ವುಡ್ ಪೈಜಾಮ ಕಾರ್ಖಾನೆಯದು. ಪೀಸ್ ಲೆಕ್ಕದ ಸಂಬಳ. ಕೆಲಸದ ರೀತಿ ಬದಲಿಸುವಾಗ ಒಂದು ಗುಂಪಿಗೆ ಸುಮ್ನೆ ಹೇಳಿದರು, ಉಳಿದ ಗುಂಪುಗಳನ್ನು ಚರ್ಚೆಗೆ ಸೇರಿಸಿಕೊಂಡರು. ಹೇಳಿಸಿಕೊಂಡ ಗುಂಪಿನಲ್ಲಿ ಉತ್ಪಾದನೆ ಬಿದ್ದದ್ದು ಮೇಲೇಳಲಿಲ್ಲ, ಮೊದಲ 40 ದಿನದಲ್ಲೇ ನೂರಕ್ಕೆ 17 ಜನ ಕೆಲಸ ಬಿಟ್ಟರು. ಉಳಿದವರು ಬೇಗ ಚೇತರಿಸಿಕೊಂಡರು.

ಹಾಗಾಗಿ ನಾನು ಟ್ರೈನಿಂಗ್ ಮುಂದಕ್ಕೆ ಹಾಕಿ, ಸೆಕೆಂಡ್ ಶಿಫ್ಟ್‌ನಲ್ಲಿ ಲೇತ್‌ಗಳ ಪಕ್ಕ ಹೋಗಿ ನಿಂತೆ. ನಮ್ಮ ಹಿರಿಯ ಆಪರೇಟರ್ ಒಬ್ಬರು ಕಾರ್ಡ್ ತಿರುಗಿಸಿ ಹಿಂಬದಿಯಲ್ಲಿ ಪೆನ್ಸಿಲ್‌ನಿಂದ ಏನೋ ಗೀಚುತ್ತಿದ್ದರು. ಆಫೀಸಿನಲ್ಲಿ ನಾವು ಯಾರೂ ಆ ಬದಿ ನೋಡುವವರಲ್ಲ. 'ಇನ್ಸರ್ಟ್ ಇಲ್ಲ, 40 ನಿಮಿಷ.' 'ಕರೆಂಟ್ ಹೋಯ್ತು.' 'ಹೊಸ ಡ್ರಾಯಿಂಗ್ ಬಂದಿಲ್ಲ.' ಇನ್ಸರ್ಟ್ ಅಂದರೆ ಲೋಹ ಕತ್ತರಿಸುವ ಚಿಕ್ಕ ತುದಿ, ಸವೆದರೆ ಸ್ಟೋರ್ಸ್‌ನಿಂದ ಹೊಸದು ಬರಬೇಕು.

'ಇದ್ಯಾಕಣ್ಣ?' ಅಂದೆ.

'ಇನ್ಸೆಂಟಿವ್ ಕಟ್ ಮಾಡಿದಾಗ ತೋರಿಸೋಕೆ ಸಾರ್. ಆ ಟ್ಯಾಬ್‌ನಲ್ಲಿ ಬರೀ ಪೀಸ್ ಎಷ್ಟು ಅಂತ ಕೇಳುತ್ತೆ. ಯಾಕೆ ಕಮ್ಮಿ ಅಂತ ಎಲ್ಲಿ ಬರೀಲಿ?'

ಹಳಬರು ಹೊಸದಕ್ಕೆ ಹೆದರುತ್ತಾರೆ ಅಂತ ಮೀಟಿಂಗ್‌ನಲ್ಲಿ ಎಲ್ಲರೂ ತಲೆಯಾಡಿಸಿದ್ದೆವಲ್ಲ, ಈ ಮನುಷ್ಯ ಮೊಬೈಲ್‌ನಲ್ಲೇ ಊರಿನ ಚೀಟಿ ಲೆಕ್ಕ ಇಡುವವರು, ಹೆದರಿಕೆ ಎಲ್ಲಿಂದ ಬಂತು, ಅವರ ಹತ್ತಿರ ಇದ್ದ ಒಂದೇ ಸಾಕ್ಷಿಯನ್ನು ನಾವು ಕಿತ್ತುಕೊಳ್ಳುತ್ತಿದ್ದೆವು ಅಷ್ಟೆ.

ಆಪರೇಟರ್‌ಗಳನ್ನೇ ಕೂರಿಸಿ ಮಷಿನ್ ನಿಲ್ಲುವ ಕಾರಣಗಳ ಪಟ್ಟಿ ಮಾಡಿಸಿದೆ. ಸಾಫ್ಟ್‌ವೇರ್‌ನವರು ಅಷ್ಟಕ್ಕೂ ಬಟನ್ ಹಾಕಿದರು. ಬಟನ್ ದೊಡ್ಡದಾಗಿರಲಿ ಅಂತ ಆಪರೇಟರ್‌ಗಳೇ ಹೇಳಿದ್ದು, ಕೂಲಂಟ್ ಹತ್ತಿದ ಬೆರಳಿಗೆ ಸ್ಕ್ರೀನ್ ಸರಿಯಾಗಿ ಕೇಳೋದಿಲ್ಲ. ಸ್ವಲ್ಪ ಕಾಲ ಕಾಗದವೂ ಇರಲಿ, ಇನ್ಸೆಂಟಿವ್ ಲೆಕ್ಕ ಎರಡನ್ನೂ ನೋಡಿ ಆಗಲಿ ಅಂತ ಓನರ್ ಹತ್ತಿರ ಬರೆಸಿಕೊಂಡೆ. ಅವರು ಗೊಣಗಿದರು. ಬಾಯಿಮಾತು ಸಾಕಾಗುವುದಿಲ್ಲ, ದುಡ್ಡಿನ ವಿಷಯ ನೋಡಿ. ಕಾಗದವನ್ನು ನಾವು ನಿಲ್ಲಿಸಬೇಕಾಗಲೇ ಇಲ್ಲ, ಅವರೇ ಬಿಟ್ಟರು.

ತಮಾಷೆ ಆಮೇಲೆ. ಎಲ್ಲಕ್ಕಿಂತ ಜಾಸ್ತಿ ಒತ್ತುವ ಬಟನ್ 'ಇನ್ಸರ್ಟ್ ಇಲ್ಲ'. ಈಗ ಸ್ಟೋರ್ಸ್ ಮ್ಯಾನೇಜರ್, ಕಾಗದವೇ ಚೆನ್ನಾಗಿತ್ತು ಅನ್ನುತ್ತಾರೆ. ನಗು ಬಂದರೂ ಅವರ ಜೊತೆಯೂ ಕೂತು ಕೇಳಿದೆ. ಸಾಮಾನು ತರಿಸುವ ಇಂಡೆಂಟ್‌ಗೆ ಮೂರು ಸಹಿ ಬೇಕು, ಅವರದು ಮೊದಲನೆಯದು, ಅದು ಆ ಕ್ಷಣಕ್ಕೇ ಆಗುತ್ತೆ. ಕೊನೆಯದು ಓನರ್‌ದು. ಸದ್ಯ ನಾವಿಬ್ಬರೂ ಸೇರಿ ಆ ಕೊನೆಯ ಸಹಿಯೇ ಬೇಡ ಅಂತ ಮಾಡಿಸುವ ಪ್ರಯತ್ನದಲ್ಲಿದ್ದೇವೆ.