ಹಳೇ ಟ್ರೇಲರ್ ಮೇಲೊಂದು ಪುಟ್ಟ ಕ್ಯಾಂಪರ್: ಮೊದಲು ಕಬ್ಬಿಣ, ಆಮೇಲೆ ತೂಕ, ಆಮೇಲೆ ಮರ

ಕಾರಿನ ಹಿಂದೆ ಎಳೆಯುವ ಹಳೇ ಟ್ರೇಲರ್ ಒಂದು ಕೈಗೆ ಸಿಕ್ಕಿ, ಅದರ ಮೇಲೆ ಮಲಗುವಷ್ಟು ಮರದ ಪೆಟ್ಟಿಗೆ ಕಟ್ಟಿ ಕ್ಯಾಂಪರ್ ಮಾಡೋಣ ಅಂದ ಕೂಡಲೇ ಜನ ಯೋಚಿಸುವುದು ಪರದೆಯ ಬಣ್ಣದ ಬಗ್ಗೆ. ಅದನ್ನು ಆಮೇಲೆ ನೋಡೋಣ. ನಾನು ಮರಗೆಲಸದವಳು, ನನ್ನ ತಮ್ಮ ವೆಲ್ಡಿಂಗ್ ಮಾಡುವವನು. ಎಲ್ಲದಕ್ಕೂ ಜಗಳ ಆಡುವ ನಾವು ಇಷ್ಟನ್ನು ಮಾತ್ರ ಒಪ್ಪುತ್ತೇವೆ: ಚಾಸಿ, ಅಂದರೆ ಕೆಳಗಿನ ಕಬ್ಬಿಣದ ಚೌಕಟ್ಟು, ನೆಟ್ಟಗಿಲ್ಲದಿದ್ದರೆ ಮೇಲಿನ ಕೆಲಸ ಎಷ್ಟೇ ಚೆನ್ನಾಗಿದ್ದರೂ ದಂಡ.

ಸುತ್ತಿಗೆ ಹಿಡಿದು ಚಾಸಿಯ ಉದ್ದಕ್ಕೂ ತಟ್ಟುತ್ತಾ ಹೋಗಿ. ಗಟ್ಟಿ ಕಬ್ಬಿಣ ಟಣ್ ಅನ್ನುತ್ತದೆ. ತುಕ್ಕು ತಿಂದ ಜಾಗದಲ್ಲಿ ಸದ್ದು ಸತ್ತುಹೋಗುತ್ತದೆ, ಚಕ್ಕೆ ಉದುರುತ್ತದೆ. ಅಲ್ಲಿ ಸ್ಕ್ರೂಡ್ರೈವರ್ ಇಟ್ಟು ಒತ್ತಿ. ಒಳಗೆ ಹೋಯಿತಾ? ಆ ತುಂಡನ್ನು ಕತ್ತರಿಸಿ ಹೊಸದು ಕೂರಿಸಲೇಬೇಕು. ಮೇಲೆ ಪೇಂಟ್ ಬಳಿದು ಮುಚ್ಚಬೇಡಿ. ಬಿರುಕು ಹುಡುಕಬೇಕಾದ ಜಾಗ ಎರಡು: ಮೂಕಿ (ಕಾರಿಗೆ ಸಿಕ್ಕಿಸಲು ಮುಂದಕ್ಕೆ ಚಾಚಿರುವ ಕಂಬಿ) ಚೌಕಟ್ಟಿಗೆ ಸೇರುವ ಕಡೆ, ಸ್ಪ್ರಿಂಗ್ ತೂಗುಹಾಕಿರುವ ವೆಲ್ಡಿಂಗಿನ ಸುತ್ತ. ಪೇಂಟಿನ ಮೇಲೆ ಕೂದಲೆಳೆಯಷ್ಟು ಸಣ್ಣ ತುಕ್ಕಿನ ಗೆರೆ ಕಂಡರೆ ಅದು ಸಾಮಾನ್ಯವಾಗಿ ಬಿರುಕೇ. ಕೊನೆಗೆ ಮೂಲೆಯಿಂದ ಎದುರು ಮೂಲೆಗೆ ಟೇಪ್ ಹಿಡಿಯಿರಿ. ಎರಡೂ ಅಳತೆ ಒಂದೇ ಬರಬೇಕು. ಸೊಟ್ಟ ಚೌಕಟ್ಟಿನ ಮೇಲೆ ಬಾಗಿಲು ನೆಟ್ಟಗೆ ಕೂರುವುದಿಲ್ಲ.

ಚಕ್ರವನ್ನು ಜಾಕಿ ಹಾಕಿ ಎತ್ತಿ ತಿರುಗಿಸಿ. ಗರಗರ ಸದ್ದು ಬಂದರೆ ಬೇರಿಂಗ್ ಹೋಗಿದೆ. ಮೇಲೆ ಒಂದು ಕೈ, ಕೆಳಗೆ ಒಂದು ಕೈ ಹಿಡಿದು ಅಲ್ಲಾಡಿಸಿ. ಲೊಟಲೊಟ ಅಂದರೆ ಬಿಗಿ ಸರಿಯಿಲ್ಲ, ಇಲ್ಲವೇ ಬೇರಿಂಗ್ ಸವೆದಿದೆ. ಸುಮ್ನೆ ಯೋಚನೆ ಬೇಡ, ಬಿಚ್ಚಿ, ತೊಳೆದು, ಹೊಸ ಸೀಲ್ ಹಾಕಿ, ಹೊಸ ಗ್ರೀಸ್ ತುಂಬಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ನಿಂತಲ್ಲೇ ನಿಂತ ಟ್ರೇಲರಿನ ಟೈರ್ ಸವೆಯುವುದಿಲ್ಲ, ಬಿಸಿಲಿಗೆ ಒಣಗುತ್ತದೆ. ಟೈರಿನ ಮೇಲಿನ ಗೀರು ಆಳವಾಗಿದೆ ಅಂತ ನಂಬಬೇಡಿ. ಗ್ಯಾಲ್ವನೈಸ್ ಮಾಡಿದ ಚಾಸಿಯಾದರೆ ವೆಲ್ಡ್ ಮಾಡುವ ಜಾಗದಲ್ಲಿ ಸತುವಿನ ಪದರ ಉಜ್ಜಿ ತೆಗೆಯಿರಿ, ಬಯಲಲ್ಲಿ ಕೆಲಸ ಮಾಡಿ. ಆ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಬರುತ್ತದೆ. ಇದು ತಮ್ಮನ ಮಾತು, ಅವನು ಇದರಲ್ಲಿ ತಮಾಷೆ ಮಾಡುವವನಲ್ಲ.

ಈಗ ತೂಕ. ಒಂದು ನೋಟ್‌ಬುಕ್ ಇಡಿ. ಟ್ರೇಲರಿನ ತಗಡಿನ ಮೇಲೆ ಒಟ್ಟು ಎಷ್ಟು ತೂಕ ಹೊರಬಹುದು ಅಂತ ಬರೆದಿರುತ್ತದೆ. ನಮ್ಮದರ ಮೇಲೆ 750 ಕೆಜಿ ಅಂತಿತ್ತು. ಇದರಲ್ಲಿ ಟ್ರೇಲರಿನ ಸ್ವಂತ ತೂಕವೂ ಸೇರಿದೆ ಅನ್ನುವುದನ್ನು ಜನ ಮರೆಯುತ್ತಾರೆ. ಬರಿ ಚೌಕಟ್ಟೇ 160 ಕೆಜಿ ತೂಗಿದರೆ ಉಳಿದದ್ದು 590. ಹಾಸಿಗೆ, ಬ್ಯಾಟರಿ, ನೀರು, ಪಾತ್ರೆ, ಬಟ್ಟೆ ಎಲ್ಲ ಅದರೊಳಗೇ ಬರಬೇಕು. ನಿಮ್ಮ ಕಾರು ಎಷ್ಟು ಎಳೆಯಬಹುದು, ಕಾನೂನು ಏನು ಹೇಳುತ್ತದೆ ಅನ್ನುವುದನ್ನೂ ಇದೇ ಪುಟದಲ್ಲಿ ಬರೆದುಕೊಳ್ಳಿ.

8×4 ಅಡಿಯ ಪ್ಲೈವುಡ್ ಹಾಳೆ 18 ಮಿಮೀ ಆದರೆ 30 ಕೆಜಿ ದಾಟುತ್ತದೆ, 12 ಮಿಮೀ ಆದರೆ ಸುಮಾರು 20, 6 ಮಿಮೀ ಆದರೆ ಸುಮಾರು 10. ನೆಲಕ್ಕೆ ಎಲ್ಲರೂ 18 ಮಿಮೀ ಹಾಕು ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಕೆಳಗೆ 40 ಸೆಂಮೀಗೆ ಒಂದರಂತೆ ಅಡ್ಡಪಟ್ಟಿ ಇದ್ದರೆ 12 ಮಿಮೀ ಸಾಕು. ಪೆಟ್ಟಿಗೆಯನ್ನು 8×4 ಅಡಿಯಲ್ಲೇ ಕಟ್ಟಿದರೆ ನೆಲದ ಹಾಳೆ ಕತ್ತರಿಸುವುದೂ ಬೇಡ. ಇಬ್ಬರು ಅಂಟಿಕೊಂಡು ಮಲಗಬೇಕಾಗುತ್ತದೆ, ಅಷ್ಟೇ.

ತೂಕ ಎಷ್ಟು ಅನ್ನುವುದಕ್ಕಿಂತ ಎಲ್ಲಿ ಅನ್ನುವುದು ದೊಡ್ಡದು. ಎತ್ತಿನ ಗಾಡಿಗೆ ಹೇರು ಹೇರಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಹಿಂಭಾರವಾದರೆ ನೊಗ ಮೇಲಕ್ಕೇಳುತ್ತದೆ, ಮುಂಭಾರವಾದರೆ ಎತ್ತಿನ ಕುತ್ತಿಗೆ ಸೋಲುತ್ತದೆ. ಇಲ್ಲಿ ಹಿಂಭಾರವಾದರೆ ಟ್ರೇಲರ್ ವೇಗದಲ್ಲಿ ಬಾಲ ಅಲ್ಲಾಡಿಸಲು ಶುರುಮಾಡುತ್ತದೆ, ಕಾರನ್ನೂ ಎಳೆದುಕೊಂಡು ಹೋಗುತ್ತದೆ. ಮುಂಭಾರ ಜಾಸ್ತಿಯಾದರೆ ಕಾರಿನ ಮುಂದಿನ ಚಕ್ರಕ್ಕೆ ಹಿಡಿತ ಕಡಿಮೆ. ಒಟ್ಟು ತೂಕದಲ್ಲಿ ನೂರಕ್ಕೆ 10ರಿಂದ 15 ಪಾಲು ಮೂಕಿಯ ತುದಿಯಲ್ಲಿ ಬೀಳುವಂತೆ ನಾವು ನೋಡಿಕೊಳ್ಳುತ್ತೇವೆ. 500 ಕೆಜಿಗೆ 50ರಿಂದ 75. ಆದರೆ ಕಾರಿನ ಹಿಚ್ (ಟ್ರೇಲರ್ ಸಿಕ್ಕಿಸುವ ಹಿಂದಿನ ಕೊಂಡಿ) ಮೇಲೆ ಬರೆದಿರುವ ಮಿತಿ ಅದಕ್ಕಿಂತ ಕಡಿಮೆ ಇದ್ದರೆ ಅದೇ ಕೊನೆಯ ಮಾತು.

ಇದನ್ನು ಅಳೆಯಲು ಮನೆಯಲ್ಲಿ ನಿಂತು ತೂಕ ನೋಡುವ ಸ್ಕೇಲ್ ಸಾಕು. ಟ್ರೇಲರನ್ನು ಸಮನೆಲದಲ್ಲಿ ನಿಲ್ಲಿಸಿ ಚಕ್ರ ಉರುಳದಂತೆ ತಡೆ ಕೊಡಿ. ಸ್ಕೇಲ್ ಮೇಲೆ ಒಂದು ಹಲಗೆ, ಹಲಗೆಯ ಮೇಲೆ ಮರದ ತುಂಡು ನಿಲ್ಲಿಸಿ. ಕಪ್ಲರ್, ಅಂದರೆ ಹಿಚ್ಚಿಗೆ ಸಿಕ್ಕುವ ಮೂಕಿಯ ತುದಿ, ಅದರ ಮೇಲೆ ಕೂತಾಗ ಕಾರಿನ ಹಿಚ್ ಎಷ್ಟು ಎತ್ತರದಲ್ಲಿದೆಯೋ ಅಷ್ಟೇ ಎತ್ತರದಲ್ಲಿರಬೇಕು. ನಿಧಾನಕ್ಕೆ ಇಳಿಸಿ, ಅಂಕಿ ಓದಿ. ಹಾಸಿಗೆ, ನೀರು ಎಲ್ಲ ಒಳಗಿಟ್ಟು ಇನ್ನೊಂದು ಸಲ ಓದಿ. ಅಂಕಿ ಸರಿಯಿಲ್ಲದಿದ್ದರೆ ಬ್ಯಾಟರಿಯನ್ನು ಹಿಂದೆ ಮುಂದೆ ಮಾಡಿ. ನೀರಿನ ಟ್ಯಾಂಕ್ ಮಾತ್ರ ಆಕ್ಸಲ್ (ಚಕ್ರಗಳ ಅಚ್ಚು) ಮೇಲೇ ಇರಲಿ, ತುಂಬಿದರೂ ಖಾಲಿಯಾದರೂ ಮೂಕಿಗೆ ಅಷ್ಟಾಗಿ ವ್ಯತ್ಯಾಸ ಬೀಳುವುದಿಲ್ಲ. ದೋಣಿ ಸಾಗಿಸುವ ಟ್ರೇಲರ್ ಸಿಕ್ಕಿದ್ದರೆ ಹುಷಾರು. ದೋಣಿಯ ಎಂಜಿನ್ ಹಿಂದಿರುತ್ತದೆ, ಹಾಗಾಗಿ ಆಕ್ಸಲ್ ತುಂಬಾ ಹಿಂದಕ್ಕಿರುತ್ತದೆ. ಅದರ ಮೇಲೆ ಪೆಟ್ಟಿಗೆ ಕೂರಿಸಿದರೆ ಮೂಕಿಗೆ ಭಾರ ಜಾಸ್ತಿ. ಆಕ್ಸಲನ್ನೇ ಮುಂದಕ್ಕೆ ತರಬೇಕಾಗಬಹುದು.

ಮರದ ಕೆಲಸ ನನ್ನದು, ಆದರೂ ಚಿಕ್ಕದಾಗಿ ಹೇಳುತ್ತೇನೆ. ನೆಲದ ಹಾಳೆಯ ಕೆಳಮೈಗೆ ಡಾಂಬರಿನ ಪೇಂಟ್ ಎರಡು ಸಲ. ಕಬ್ಬಿಣ ಮತ್ತು ಮರದ ನಡುವೆ ರಬ್ಬರ್ ಪಟ್ಟಿ. ಚಾಸಿಗೆ ದೊಡ್ಡ ವಾಶರ್ ಹಾಕಿ, ತಾನಾಗಿ ಸಡಿಲಾಗದ ನೈಲಾನ್ ನಟ್ಟಿನಿಂದ ಬಿಗಿಯಿರಿ. ಬೋಲ್ಟಿಗೆ ತೂತು ಕೊರೆಯುವಾಗ ಚಾಸಿಯ ಕಬ್ಬಿಣದ ಚಾನಲಿನ ಮೇಲಂಚು ಕೆಳಂಚು ಮುಟ್ಟಬೇಡಿ, ಬಲ ಇರುವುದು ಅಲ್ಲೇ. ಗೋಡೆಗೆ 25 ಮಿಮೀ ರೀಪಿನ ಚೌಕಟ್ಟು, ನಡುವೆ ಫೋಮ್ ಹಾಳೆ, ಹೊರಗೆ 6 ಮಿಮೀ ಪ್ಲೈವುಡ್, ಒಳಗೆ ಅದಕ್ಕಿಂತ ತೆಳು. ಎಲ್ಲ ಸೇರುವೆಗೂ ಅಂಟು ಬೇಕೇಬೇಕು. ರಸ್ತೆಯ ಕುಲುಕಾಟಕ್ಕೆ ಬರಿ ಸ್ಕ್ರೂ ನಿಲ್ಲುವುದಿಲ್ಲ.

ನೀರಿನ ವಿಷಯಕ್ಕೆ ಬಂದರೆ ನಾನು ಹಠಮಾರಿ. ಪ್ಲೈವುಡ್ ನೀರು ಕುಡಿಯುವುದು ಅಂಚಿನಿಂದ ಮತ್ತು ತೂತಿನಿಂದ. ಹಾಗಾಗಿ ಹೊರಗಿನ ಪ್ರತಿ ಸ್ಕ್ರೂಗೂ ನಾನು ಮಾಡುವುದು ಹೀಗೆ: ಬೇಕಾದ್ದಕ್ಕಿಂತ ದೊಡ್ಡ ತೂತು ಕೊರೆದು, ಎಪಾಕ್ಸಿ (ಎರಡು ಭಾಗ ಕಲಸಿದರೆ ಗಟ್ಟಿಯಾಗುವ ಅಂಟು) ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ ಸಣ್ಣ ತೂತು ಕೊರೆದು ಸ್ಕ್ರೂ ಹಾಕುತ್ತೇನೆ. ಆಗ ಸ್ಕ್ರೂ ಪಕ್ಕ ನೀರು ಇಳಿದರೂ ಮರಕ್ಕೆ ಮುಟ್ಟುವುದಿಲ್ಲ. ತಮ್ಮ ಇದನ್ನು ನೋಡಿ ನಗುತ್ತಾನೆ, ನಗಲಿ. ಮೇಲಿನ ಹಾಳೆ ಯಾವಾಗಲೂ ಕೆಳಗಿನದರ ಮೇಲೆ ಬರಬೇಕು, ಎದುರುಗಾಳಿ ಸಂದಿಗೆ ನುಗ್ಗದಂತೆ ಮುಂದಿನದು ಹಿಂದಿನದರ ಮೇಲೆ. ಸಂದಿಗೆ ಬ್ಯುಟೈಲ್ ಟೇಪ್ (ಮೆತ್ತಗಿನ ಅಂಟು ರಬ್ಬರಿನ ಪಟ್ಟಿ) ಹಾಕಿ. ಬಿಗಿದಾಗ ಅಂಚಿನಿಂದ ಹೊರಗೆ ಉಕ್ಕಬೇಕು, ಆಗಲೇ ತುಂಬಿದೆ ಅಂತ ಅರ್ಥ. ಒಂದೆರಡು ದಿನ ಬಿಟ್ಟು ಇನ್ನೊಮ್ಮೆ ಬಿಗಿದು ಉಕ್ಕಿದ್ದನ್ನು ಕೆರೆದು ತೆಗೆಯಿರಿ. ಸಿಲಿಕೋನ್ ಬೇಡ. ಅದರ ಮೇಲೆ ಪೇಂಟ್ ಹಿಡಿಯುವುದಿಲ್ಲ, ಹಳೇ ಸಿಲಿಕೋನ್ ಮೇಲೆ ಹೊಸದೂ ಹಿಡಿಯುವುದಿಲ್ಲ. ಪೆಟ್ಟಿಗೆಯ ಹಿಂಬದಿಯಲ್ಲಿ ಮೇಲಕ್ಕೆ ತೆರೆಯುವ ಮುಚ್ಚಳದ ಕೀಲು ಇರುವ ಜಾಗವೇ ಜಾಸ್ತಿ ಸೋರುವುದು, ಅಲ್ಲಿ ರಬ್ಬರಿನ ಹೊದಿಕೆ ಒಂದು ಹೆಚ್ಚಾಗಿಯೇ ಇರಲಿ.

ಹೊರಗಿನ ನೀರು ತಡೆದಷ್ಟೂ ಒಳಗಿನ ಉಸಿರು ನಿಲ್ಲುತ್ತದೆ. ಗಾಳಿಗೆ ಕೆಳಗೊಂದು, ಮೇಲೊಂದು ದಾರಿ ಬಿಡಿ. ಬೆಳಿಗ್ಗೆ ಗೋಡೆ ಒದ್ದೆಯಾಗುವುದೂ ಕಡಿಮೆಯಾಗುತ್ತದೆ. ಒಲೆ ಹಿಂದಿನ ಮುಚ್ಚಳದಡಿ, ಹೊರಗೇ. ಒಳಗೆ ಯಾವ ಉರಿಯೂ ಬೇಡ, ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ.

ಕರೆಂಟಿಗೆ 12 ವೋಲ್ಟಿನ 100 ಆಂಪಿಯರ್ ಅವರ್ ಲಿಥಿಯಂ ಬ್ಯಾಟರಿ ಧಾರಾಳ. 25 ವ್ಯಾಟಿನ ಫ್ಯಾನ್ 8 ಗಂಟೆ ಓಡಿದರೆ 200 ವ್ಯಾಟ್ ಅವರ್, ಬ್ಯಾಟರಿಯಲ್ಲಿ ಇರುವುದು ಸುಮಾರು 1,280. ಬ್ಯಾಟರಿಯ ಪಾಸಿಟಿವ್ ತುದಿಯಿಂದ ಒಂದು ಗೇಣಿನೊಳಗೆ ಫ್ಯೂಸ್ ಇರಲಿ. ಹಿಂದಿನ ದೀಪಗಳಿಗೆ ಅರ್ಥಿಂಗ್ ಬೇರೆ ವೈರಿನಲ್ಲೇ ಎಳೆಯಿರಿ, ಪೇಂಟ್ ಆದ ಚಾಸಿಯನ್ನು ನಂಬಿದರೆ ಇಂಡಿಕೇಟರ್ ಬೇಕಾದಾಗ ಕಣ್ಣು ಮುಚ್ಚುತ್ತದೆ.

ಹೊರಡುವ ಮೊದಲು ಒಬ್ಬರು ಒಳಗೆ ಟಾರ್ಚ್ ಹಿಡಿದು ಮಲಗಲಿ, ಇನ್ನೊಬ್ಬರು ಪೈಪಿನಿಂದ ಚಾವಣಿಗೆ ನೀರು ಬಿಡಲಿ. ಕೆಳಗಿನಿಂದ ಶುರುಮಾಡಿ ಮೇಲಕ್ಕೆ ಹೋಗಿ, ಆಗ ಸೋರುವ ಜಾಗ ಯಾವುದೆಂದು ಗೊತ್ತಾಗುತ್ತದೆ. ಕಪ್ಲರಿನ ಮೇಲೆ ಬರೆದ ಅಳತೆಯೂ ಹಿಚ್ಚಿನ ಗುಂಡಿನ ಅಳತೆಯೂ ಒಂದೇನಾ ನೋಡಿ. ಟ್ರೇಲರನ್ನು ಕಾರಿಗೆ ಕಟ್ಟುವ ಸುರಕ್ಷತೆಯ ಸರಪಳಿಗಳನ್ನು ಮೂಕಿಯ ಕೆಳಗೆ ಕತ್ತರಿಯಾಕಾರದಲ್ಲಿ ಹಾಕಿ. ಮೊದಲ ಓಡಾಟದಲ್ಲಿ ಹತ್ತಿಪ್ಪತ್ತು ಕಿಮೀ ಹೋಗಿ ನಿಲ್ಲಿಸಿ, ಎರಡೂ ಹಬ್‌ಗಳ (ಚಕ್ರದ ನಡುಭಾಗ) ಹತ್ತಿರ ಅಂಗೈ ಹಿಂಭಾಗ ತನ್ನಿ. ಬೆಚ್ಚಗಿದ್ದರೆ ಸರಿ. ಮುಟ್ಟಲಾಗದಷ್ಟು ಬಿಸಿಯಿದ್ದರೆ ಬೇರಿಂಗ್ ಜಾಸ್ತಿ ಬಿಗಿಯಾಗಿರಬಹುದು, ಅಲ್ಲಿಂದ ಮುಂದೆ ಹೋಗಬೇಡಿ. 50ರಿಂದ 80 ಕಿಮೀ ಆದ ಮೇಲೆ ಚಕ್ರದ ನಟ್ಟುಗಳನ್ನು ಇನ್ನೊಮ್ಮೆ ಬಿಗಿಯಿರಿ. ಹೊಸದಾಗಿ ಕೂರಿಸಿದ ಚಕ್ರದಲ್ಲಿ ಅವು ಸ್ವಲ್ಪ ಸಡಿಲ ಬಿಟ್ಟೇ ಬಿಡುತ್ತವೆ.