ಹೊಳೆ ಏರುವಾಗ ಗಾಳ ಹಾಕಿದ್ದು

ಹರಿಹರದ ತುಂಗಭದ್ರಾ ಹೊಳೆಯಲ್ಲಿ ಗಾಳ ಹಾಕೋದನ್ನ ನನಗೆ ಕಲಿಸಿದ್ದು ಚಿಕ್ಕಪ್ಪ. ಎರೆಹುಳ ಪೋಣಿಸೋದಕ್ಕಿಂತ ಮೊದಲು ಅವರು ಕಲಿಸಿದ್ದು ನೀರು ನೋಡೋದನ್ನ. ಕೂರುವ ಮುಂಚೆ ನೀರಂಚಿಗೆ ಸರಿಯಾಗಿ ಒಂದು ಕಡ್ಡಿ ಊರೋರು. "ಆ ಕಡ್ಡಿ ಮುಳುಗ್ತು ಅಂದ್ರೆ, ಮೀನು ಕಚ್ಚಿದ್ರೂ ಬಿಟ್ಟು ಎದ್ದು ಬಾರಪ್ಪ" ಅನ್ನೋರು.

ದಾವಣಗೆರೆ ಕಡೆ ಬಿಸಿಲಿದ್ದರೂ ಹೊಳೆ ಏರುತ್ತದೆ. ಮಲೆನಾಡಲ್ಲಿ ಮಳೆ ಹಿಡಿದರೆ ಗಾಜನೂರಿನ ತುಂಗಾ ಡ್ಯಾಂ ಬೇಗ ತುಂಬುತ್ತದೆ, ಗೇಟು ತೆಗೆಯುತ್ತಾರೆ. ಆ ನೀರು ಕೂಡ್ಲಿಯಲ್ಲಿ ಭದ್ರೆಯನ್ನು ಕೂಡಿಕೊಂಡು, ಹೊನ್ನಾಳಿ ದಾಟಿ ನಮ್ಮ ಕಾಲಬುಡಕ್ಕೆ ಬರುತ್ತದೆ. ನೀರು ಕೆಂಪಾಗಿ, ನೊರೆ, ತರಗೆಲೆ, ಕಸಕಡ್ಡಿ ತೇಲಿಬರಲು ಶುರುವಾದರೆ ನಾನು ಕಡ್ಡಿ ಮುಳುಗಲಿ ಅಂತಲೂ ಕಾಯುವುದಿಲ್ಲ.

ಒಂದು ಜುಲೈನಲ್ಲಿ ಬಾಳೆ ಮೀನಿನ ಆಸೆಗೆ ಮೊಣಕಾಲುಮಟ್ಟದಿಂದ ಒಂದೇ ಹೆಜ್ಜೆ ಮುಂದಿಟ್ಟೆ. ಮರಳು ತೆಗೆದ ಗುಂಡಿ. ಕುತ್ತಿಗೆವರೆಗೂ ಇಳಿದೆ, ಸೆಳವು ಎಳೆದುಕೊಂಡು ಹೊರಟಿತು. ಕೈ ಮಾತ್ರ ಗಾಳದ ಕೋಲನ್ನು ಬಿಡಲೇ ಇಲ್ಲ. "ಕೋಲು ಬಿಡೋ!" ಅಂತ ಚಿಕ್ಕಪ್ಪ ದಡದಿಂದ ಕೂಗಿದ ಮೇಲೇ ಬಿಟ್ಟಿದ್ದು. ಅಂಗಾತ ಮಲಗಿ, ಕಾಲನ್ನು ಹರಿವಿನ ಕಡೆ ಚಾಚಿ, ಕೈಯಿಂದ ಓರೆಯಾಗಿ ದಡದತ್ತ ಹುಟ್ಟು ಹಾಕಿದೆ. ನಡುವೆ ಎದ್ದು ನಿಲ್ಲಲು ಹೋಗಬಾರದು. ಕಲ್ಲಿನ ಸಂದಿಗೆ ಪಾದ ಸಿಕ್ಕಿದರೆ ಹಿಂದಿನ ನೀರು ನಮ್ಮನ್ನು ಮುಗ್ಗರಿಸಿ ಒತ್ತಿ ಹಿಡಿಯುತ್ತದೆ. ಐವತ್ತು ಮಾರು ಕೆಳಗೆ ಒಂದು ಪೊದೆ ಕೈಗೆ ಸಿಕ್ಕಿತು.

ಈಗ ನನ್ನೆತ್ತರದ ಬಿದಿರು ಕೋಲಿಲ್ಲದೆ ಇಳಿಯುವುದಿಲ್ಲ. ಮೊದಲು ಕೋಲು ನೆಲ ಮುಟ್ಟಬೇಕು, ಆಮೇಲೆ ಕಾಲು. ಹರಿವಿಗೆ ಪಕ್ಕೆ ಕೊಟ್ಟು ನಿಂತು, ಒಂದು ಪಾದ ಗಟ್ಟಿಯಾದ ಮೇಲೆ ಇನ್ನೊಂದನ್ನು ಜರುಗಿಸುತ್ತೇನೆ. ಮೊಣಕಾಲು ದಾಟಿದರೆ ವಾಪಸ್. ಪಂಚೆ ಬೇಡ, ಕಾಲಿಗೆ ಸುತ್ತಿಕೊಳ್ಳುತ್ತದೆ; ಚಡ್ಡಿ, ಲೇಸು ಬಿಗಿದ ಕ್ಯಾನ್ವಾಸ್ ಶೂ ಸಾಕು. ಹಗ್ಗವನ್ನು ನಡಕ್ಕೆ ಕಟ್ಟಿಕೊಳ್ಳುವವರನ್ನು ನೋಡಿದರೆ ಎದೆ ಝಲ್ಲೆನ್ನುತ್ತದೆ. ಸೆಳವಿನಲ್ಲಿ ಬಿದ್ದಾಗ ಬಿಗಿದ ಹಗ್ಗವೇ ನೀರಡಿಗೆ ಎಳೆಯುತ್ತದೆ. ಹಗ್ಗ ದಡದಲ್ಲಿರುವವನ ಕೈಯಲ್ಲಿರಲಿ, ತುದಿಗೆ ಮುಚ್ಚಳ ಬಿಗಿದ ಖಾಲಿ ಐದು ಲೀಟರ್ ಕ್ಯಾನ್ ಕಟ್ಟಿರಲಿ. ಎಸೆದರೆ ತೇಲುತ್ತದೆ, ಬಿದ್ದವನಿಗೆ ಕಾಣುತ್ತದೆ, ಅಪ್ಪಿ ಹಿಡಿಯಲೂ ಬರುತ್ತದೆ. ಒಬ್ಬನೇ ಅಂತೂ ಹೋಗುವುದೇ ಇಲ್ಲ.

ಹೋದ ವಾರ ಕಡ್ಡಿಯ ತುದಿ ಮುಳುಗುವ ಹೊತ್ತಿಗೆ ಸರಿಯಾಗಿ ಗಾಳದ ದಾರಕ್ಕೆ ಕಟ್ಟಿದ ತೇಲುವ ಬೆಂಡೂ ಒಳಗೆ ಹೋಯಿತು. ಭಾರದ ಮೀನು, ಕೋಲು ಬಾಗಿತ್ತು. ದಾರ ಕತ್ತರಿಸಿ ದಡ ಹತ್ತಿದೆ.