ತುಕ್ಕು ಹಿಡಿದ ಎಂಜಿಬಿ: ಕೊಳ್ಳುವ ಮೊದಲು ನಾನು ಹಾಕಿದ ಲೆಕ್ಕ, ಆಮೇಲೆ ಆದ ಖರ್ಚು

ಎಂಜಿಬಿ ಅಂದರೆ ಬ್ರಿಟನ್ನಿನ ಹಳೆಯ ಸ್ಪೋರ್ಟ್ಸ್ ಕಾರು. ನಾನು ಮೊದಲು ನೋಡಿದ ಎಂಜಿಬಿ ಕೆಂಪು ಬಣ್ಣದ್ದು. ಕೀ ತಿರುಗಿಸಿದ ಕೂಡಲೇ ಸ್ಟಾರ್ಟ್ ಆಯಿತು. ಪೇಂಟ್ ಫಳಫಳ ಹೊಳೆಯುತ್ತಿತ್ತು. ನಾನು ಬಾಗಿಲು ತೆರೆದಿಟ್ಟು, ಬಾಗಿಲ ಕೆಳಗಿನ ಜಾಕ್ ಪಾಯಿಂಟಿಗೆ ಜಾಕ್ ಕೊಟ್ಟು ನಿಧಾನವಾಗಿ ಎತ್ತಿದೆ. ಚಕ್ರ ನೆಲ ಬಿಟ್ಟಿತು. ಆಮೇಲೆ ಬಾಗಿಲು ಮುಚ್ಚಲು ಹೋದರೆ ಲಾಕ್ ತನ್ನ ಜಾಗಕ್ಕೆ ಕೂರಲೇ ಇಲ್ಲ. ಇಡೀ ಬಾಡಿ ಬಾಗಿತ್ತು. ಅಯಸ್ಕಾಂತ ಹಿಡಿದು ಸಿಲ್, ಅಂದರೆ ಬಾಗಿಲ ಕೆಳಗಿನ ಉದ್ದನೆಯ ಭಾಗದ ಉದ್ದಕ್ಕೂ ನೋಡಿದೆ. ಅರ್ಧ ಜಾಗದಲ್ಲಿ ಅದು ಅಂಟಲಿಲ್ಲ. ಒಳಗೆಲ್ಲ ಪುಟ್ಟಿ.

ಎರಡನೆಯದು 1969ರ ಎಂಜಿಬಿ ರೋಡ್‌ಸ್ಟರ್. ಹದಿನೈದು ವರ್ಷ ಶೆಡ್ಡಿನಲ್ಲಿ ನಿಂತಿತ್ತು. ಎಂಜಿನ್ ಜಾಮ್, ನಾಲ್ಕೂ ಟೈರಿನಲ್ಲಿ ಗಾಳಿ ಇಲ್ಲ, ಸೀಟಿನೊಳಗೆ ಇಲಿಯ ಗೂಡು. ನೋಡಿದರೆ ಯಾರಿಗೂ ಕೊಳ್ಳಬೇಕು ಅನಿಸದ ಕಾರು. ಆದರೆ ಶೆಡ್ಡಿನ ನೆಲ ಒಣಗಿತ್ತು. ಕಾರ್ಪೆಟ್ ಎತ್ತಿ ಸ್ಕ್ರೂಡ್ರೈವರಿನಿಂದ ಫ್ಲೋರ್ ಚುಚ್ಚಿದೆ. ಠಣ್ ಅಂದಿತು. ಮುಂದಿನ ಚಕ್ರದ ಹಿಂಭಾಗ, ಸಿಲ್‌ನ ಎರಡೂ ತುದಿ, ಸೀಟಿನ ಹಿಂದೆ ಎರಡು 6 ವೋಲ್ಟ್ ಬ್ಯಾಟರಿ ಕೂರುವ ಡಬ್ಬಿಗಳು, ಎಲ್ಲ ಕಡೆ ಚುಚ್ಚಿ ನೋಡಿದೆ. ಎಡಗಡೆ ಸಿಲ್‌ನ ಹಿಂದಿನ ತುದಿ ಮತ್ತು ಒಂದು ಬ್ಯಾಟರಿ ಡಬ್ಬಿಯಲ್ಲಿ ಮಾತ್ರ ಸ್ಕ್ರೂಡ್ರೈವರ್ ಒಳಗೆ ಹೋಯಿತು. ಉಳಿದ ಕಡೆ ಗಟ್ಟಿ.

ನಾನು ಎರಡನೆಯದನ್ನೇ ಕೊಂಡೆ. ಓಡುವ ಕಾರು ಬಿಟ್ಟು ಓಡದ ಕಾರು ತಂದೆ ಅಂತ ಮನೆಯಲ್ಲಿ ಎಲ್ಲರಿಗೂ ಆಶ್ಚರ್ಯ.

ಕಾರಣ ಇಷ್ಟೇ. ಎಂಜಿನ್ ಎಷ್ಟೇ ಕೆಟ್ಟಿರಲಿ, ಅದರ ಖರ್ಚಿಗೆ ಒಂದು ಮಿತಿ ಇದೆ. 1798 ಸಿಸಿಯ ಎರಕದ ಕಬ್ಬಿಣದ ಎಂಜಿನ್ ಅದು. ಬೋರ್ ಮಾಡಿಸಿ, ಪಿಸ್ಟನ್, ರಿಂಗ್, ಬೇರಿಂಗ್, ವಾಲ್ವ್ ಎಲ್ಲ ಹೊಸದು ಹಾಕಿದರೂ ಒಟ್ಟು ಎಷ್ಟಾಗುತ್ತದೆ ಅಂತ ಬಿಚ್ಚುವ ಮೊದಲೇ ಹೇಳಬಹುದು. ತುಕ್ಕು ಹಾಗಲ್ಲ. ಎಂಜಿಬಿಗೆ ಅದರ ಹಿಂದಿನ ಮಾಡೆಲ್ ಎಂಜಿಎ ಥರ ಬೇರೆ ಚಾಸಿ (ಬಾಡಿಯ ಕೆಳಗಿನ ಲೋಹದ ಚೌಕಟ್ಟು) ಇಲ್ಲ. ಬಾಡಿಯೇ ಚಾಸಿ. ಬಾಗಿಲ ಕೆಳಗಿನ ಸಿಲ್‌ಗಳೇ ಬೆನ್ನೆಲುಬು. ಅದೂ ರೋಡ್‌ಸ್ಟರ್‌ಗೆ ಮೇಲೆ ರೂಫ್ ಇಲ್ಲದ ಕಾರಣ ಎಲ್ಲ ಭಾರವೂ ಅವುಗಳ ಮೇಲೆಯೇ. ಹೊರಗೆ ಒಂದು ಪದರ, ಮಧ್ಯೆ ಒಂದು, ಒಳಗೆ ಒಂದು. ಹೊರಗಿನದನ್ನು ಕತ್ತರಿಸುವವರೆಗೆ ಒಳಗಿನದು ಹೇಗಿದೆ ಅಂತ ಗೊತ್ತಾಗುವುದಿಲ್ಲ. ಅಲ್ಲಿಯವರೆಗೆ ನೀವು ಹಾಕುವ ಲೆಕ್ಕ ಬರೀ ಊಹೆ.

ಆದರೆ ಈ ಮಾಡೆಲ್‌ನಲ್ಲಿ ಬಾಡಿಗೂ ಒಂದು ಮಿತಿ ಹಾಕಿಕೊಳ್ಳಬಹುದು. ಹಳೆಯ ಬ್ರಿಟಿಷ್ ಕಾರುಗಳ ಬಿಡಿಭಾಗ ತಯಾರಿಸುವ ಬ್ರಿಟಿಷ್ ಮೋಟರ್ ಹೆರಿಟೇಜ್ ಕಂಪನಿ 1988ರಲ್ಲಿ ಎಂಜಿಬಿಯ ಪೂರ್ತಿ ಹೊಸ ಬಾಡಿ ಶೆಲ್ ತಯಾರಿಸಲು ಶುರುಮಾಡಿತು. ಆ ಶೆಲ್‌ನ ಬೆಲೆಯನ್ನೇ ನಾನು ಮೇಲ್ಮಿತಿ ಅಂತ ಇಟ್ಟುಕೊಂಡೆ. ಹಳೆಯ ಬಾಡಿಯ ವೆಲ್ಡಿಂಗ್ ಖರ್ಚು ಅದರ ಮುಕ್ಕಾಲು ಭಾಗ ದಾಟುವಂತಿದ್ದರೆ ಆ ಕಾರು ಬೇಡ. ಕೆಂಪು ಕಾರು ಇಲ್ಲೇ ಸೋತಿತು. ಎಲ್ಲ ಹಳೆಯ ಕಾರಿಗೂ ಈ ಅನುಕೂಲ ಇಲ್ಲ. 1962ರಿಂದ 1980ರವರೆಗೆ ಎಂಜಿಬಿ ಮತ್ತು ಅದರ ಗಟ್ಟಿ ರೂಫಿನ ಮಾದರಿ ಜಿಟಿ ಸೇರಿ ಐದು ಲಕ್ಷಕ್ಕೂ ಜಾಸ್ತಿ ತಯಾರಾದವು. ಅದಕ್ಕೇ ಇವತ್ತಿಗೂ ಬಿಡಿಭಾಗ ಸಿಗುತ್ತದೆ. ಕೆಲವೇ ನೂರು ತಯಾರಾದ ಕಾರು ಆಗಿದ್ದರೆ ಒಂದು ವಿಂಡ್‌ಸ್ಕ್ರೀನ್ ಫ್ರೇಮಿಗೆ ವರ್ಷಗಟ್ಟಲೆ ಕಾಯಬೇಕಾಗುತ್ತಿತ್ತು.

ಕೊಳ್ಳುವ ಮೊದಲು ಒಂದು ಹಾಳೆಯಲ್ಲಿ ಮೂರು ಕಾಲಂ ಹಾಕಿದೆ. ಒಂದರಲ್ಲಿ ಖಚಿತವಾಗಿ ಬೇಕಾದದ್ದು: ಟೈರ್, ಬ್ರೇಕ್ ಹೋಸ್, ಬ್ರೇಕ್ ಸಿಲಿಂಡರ್‌ಗಳು, ಪೆಟ್ರೋಲ್ ಪೈಪ್, ಬ್ಯಾಟರಿ. ಇಷ್ಟು ವರ್ಷ ನಿಂತ ಕಾರಿನಲ್ಲಿ ರಬ್ಬರ್ ಅಂತ ಇರುವ ಯಾವುದನ್ನೂ ನಂಬಬಾರದು. ಇನ್ನೊಂದರಲ್ಲಿ ಬೇಕಾಗಬಹುದಾದದ್ದು: ಕ್ಲಚ್, ಕಿಂಗ್ ಪಿನ್ (ಮುಂದಿನ ಚಕ್ರ ತಿರುಗುವ ಪಿನ್), ವೈರಿಂಗ್ ಹಾರ್ನೆಸ್. ಇವಕ್ಕೆ ಅರ್ಧ ಬೆಲೆ ಬರೆದೆ. ಕೊನೆಯದರಲ್ಲಿ ಬಿಚ್ಚಿದ ಮೇಲೆಯೇ ಗೊತ್ತಾಗುವುದು: ಸಿಲ್, ಎಂಜಿನ್, ಗೇರ್‌ಬಾಕ್ಸ್. ಇವಕ್ಕೆ ಅತಿ ಕೆಟ್ಟ ಸ್ಥಿತಿಯ ಬೆಲೆಯನ್ನೇ ಬರೆದೆ. ಜಾಮ್ ಆಗಿದ್ದ ಎಂಜಿನ್‌ಗೆ ಪೂರ್ತಿ ರಿಬಿಲ್ಡ್ ಖರ್ಚು ಹಾಕಿದೆ. "ಸ್ವಲ್ಪ ಎಣ್ಣೆ ಬಿಟ್ಟರೆ ಬಿಟ್ಟುಕೊಳ್ಳುತ್ತೆ ಸಾರ್" ಅಂತ ಮಾರುವವರು ಹೇಳಿದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಚೌಕಾಸಿ ಮಾಡುವಾಗ ಆ ಹಾಳೆಯನ್ನೇ ಅವರ ಮುಂದೆ ಇಟ್ಟೆ. ಹೇಳಿದ ಬೆಲೆಯಲ್ಲಿ ಮೂರನೇ ಒಂದು ಭಾಗ ಇಳಿಯಿತು.

ಕಾರಿಗೆ ಕೊಟ್ಟಿದ್ದನ್ನು ಒಂದು ಪಾಲು ಅಂದುಕೊಳ್ಳಿ. ನನ್ನ ಹಾಳೆಯ ಪ್ರಕಾರ ಒಟ್ಟು ಐದು ಪಾಲು ಆಗಬೇಕಿತ್ತು. ಅಷ್ಟೇ ಚೆನ್ನಾಗಿ ರೆಸ್ಟೋರ್ ಮಾಡಿದ ಕಾರನ್ನು ನೇರವಾಗಿ ಕೊಂಡರೆ ನಾಲ್ಕು ಪಾಲು. ಅಂದರೆ ಒಂದು ಪಾಲು ನಷ್ಟ ಅಂತ ಗೊತ್ತಿದ್ದೇ ಕೊಂಡೆ. ನನ್ನ ಕೈಯಿಂದ ಆ ಕೆಲಸ ಮಾಡಬೇಕು ಅನ್ನುವುದು ನನಗೆ ಅಷ್ಟು ಮುಖ್ಯವಾಗಿತ್ತು. ಲಾಭಕ್ಕಾಗಿ ಈ ಕೆಲಸಕ್ಕೆ ಇಳಿಯುವವರಿಗೆ ನಾನು ಬೇಡ ಅಂತಲೇ ಹೇಳುತ್ತೇನೆ.

ಎಂಜಿನ್ ವಿಷಯ ಬೇಗ ಮುಗಿಸುತ್ತೇನೆ. ಪ್ಲಗ್ ತೆಗೆದು ಪ್ರತಿ ಸಿಲಿಂಡರಿಗೂ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಎರಡು ವಾರ ಕಾದೆ. ಆಮೇಲೆ ನಾಲ್ಕನೇ ಗೇರಿಗೆ ಹಾಕಿ ಕಾರನ್ನು ಹಿಂದೆ ಮುಂದೆ ಅಲ್ಲಾಡಿಸಿದೆ. ಮೂರನೇ ದಿನ ಟಕ್ ಅಂತ ಒಂದು ಸದ್ದು. ಬಿಟ್ಟುಕೊಂಡಿತು. ಆದರೆ ಹೆಡ್ ಬಿಚ್ಚಿದಾಗ ಎರಡನೇ ಸಿಲಿಂಡರಿನ ಗೋಡೆಯಲ್ಲಿ ರಿಂಗ್ ಕೂತಿದ್ದ ಜಾಗದಲ್ಲಿ ತುಕ್ಕಿನ ಬಳೆ ಬಿದ್ದಿತ್ತು. ಉಗುರು ಆಡಿಸಿದರೆ ತಗುಲುತ್ತಿತ್ತು. ಬೋರ್ ಮಾಡಿಸಿ 0.020 ಇಂಚು ಓವರ್‌ಸೈಜ್ ಪಿಸ್ಟನ್ ಹಾಕಿಸಿದೆ. ಸೀಸ ಇಲ್ಲದ ಪೆಟ್ರೋಲಿಗೆ ತಡೆಯುವ ಹಾಗೆ ಎಕ್ಸಾಸ್ಟ್ ವಾಲ್ವ್ ಸೀಟ್‌ಗಳನ್ನೂ ಗಟ್ಟಿಯವಕ್ಕೆ ಬದಲಾಯಿಸಿದೆ. ಖರ್ಚು ಹಾಳೆಯಲ್ಲಿ ಬರೆದಷ್ಟೇ ಆಯಿತು.

ಸಿಲ್ ಕೆಲಸವೇ ನಿಜವಾದ ಪರೀಕ್ಷೆ. ವೆಲ್ಡಿಂಗ್ ಮಾಡಿದವರು ಅನುಭವಸ್ಥರು. ಕತ್ತರಿಸುವ ಮೊದಲು ಬಾಗಿಲ ಚೌಕಟ್ಟಿಗೆ ಅಡ್ಡಲಾಗಿ ಕಬ್ಬಿಣದ ಚೌಕ ಪೈಪ್ ವೆಲ್ಡ್ ಮಾಡಿದರು. ಹಿಂಜ್ ಇರುವ ಕಡೆಯಿಂದ ಲಾಕ್ ಇರುವ ಕಡೆಗೆ ಒಂದು, ಮೂಲೆಯಿಂದ ಮೂಲೆಗೆ ಇನ್ನೊಂದು. "ಇದು ಹಾಕದೆ ಕತ್ತರಿಸಿದರೆ ಕಾರು ನಡುಮಧ್ಯೆ ಬಗ್ಗಿಬಿಡುತ್ತೆ. ಆಮೇಲೆ ನೀವು ಎಷ್ಟು ದುಡ್ಡು ಸುರಿದರೂ ಬಾಗಿಲು ಸರಿ ಕೂರಲ್ಲ" ಅಂದರು. ಒಂದು ಬದಿ ಪೂರ್ತಿ ಮುಗಿಸುವವರೆಗೆ ಇನ್ನೊಂದು ಬದಿ ಮುಟ್ಟಲಿಲ್ಲ. ಪ್ರತಿ ಬಾರಿ ಟ್ಯಾಕ್ (ತಾತ್ಕಾಲಿಕವಾದ ಚಿಕ್ಕ ವೆಲ್ಡ್) ಹಾಕಿದ ಮೇಲೆ ಬಾಗಿಲು ತೂಗುಹಾಕಿ ಸುತ್ತಲಿನ ಸಂದು ಒಂದೇ ಸಮ ಇದೆಯಾ ಅಂತ ನೋಡುತ್ತಿದ್ದೆವು. ಎಡಗಡೆ ಒಳಪದರದಲ್ಲಿ ಒಂದು ಅಡಿ ಉದ್ದ ಹೋಗಿತ್ತು. ಹೊರಗಿನಿಂದ ಕಂಡದ್ದು ಬೆರಳಗಲ ಮಾತ್ರ! ನಾನು ಅತಿ ಕೆಟ್ಟ ಸ್ಥಿತಿಯ ಬೆಲೆ ಹಾಕಿದ್ದರಿಂದ ಅಲ್ಲಿ ಎದೆ ಒಡೆಯಲಿಲ್ಲ.

ನನ್ನ ಲೆಕ್ಕ ತಪ್ಪಿದ್ದು ಬೇರೆ ಕಡೆ. ದೊಡ್ಡ ಕೆಲಸಗಳ ಬೆಲೆ ಸರಿ ಇತ್ತು, ಸಣ್ಣವು ಮುಳುಗಿಸಿದವು. ಬಾಗಿಲಿನ ರಬ್ಬರ್ ಬೀಡಿಂಗ್, ಗಾಜಿನ ಚಾನೆಲ್, ಕ್ಲಿಪ್, ನಟ್ಟು ಬೋಲ್ಟು, ಗ್ಯಾಸ್ಕೆಟ್, ಬುಶ್. ಒಂದೊಂದೂ ಚಿಲ್ಲರೆ. ಎಲ್ಲ ಸೇರಿ ಪಾಲಿನ ಮೂರನೇ ಒಂದು ಭಾಗ ಆಯಿತು. ಹಾಳೆಯಲ್ಲಿ ಅವಕ್ಕೆ ಒಂದು ಸಾಲೂ ಇರಲಿಲ್ಲ. ಕಾರಿನ ಜೊತೆ ಬಂದ ಪೆಟ್ಟಿಗೆಗಳಲ್ಲಿ ಏನಿದೆ ಅಂತ ಎಣಿಸಿಯೂ ಇರಲಿಲ್ಲ. ಗ್ರಿಲ್‌ನ ಒಂದು ತುಂಡು, ಹಿಂದಿನ ಬಂಪರಿನ ಮೇಲೆ ನಿಲ್ಲುವ ಓವರ್‌ರೈಡರ್ ಎರಡೂ ಇಲ್ಲ ಅಂತ ಗೊತ್ತಾಗಿದ್ದು ಜೋಡಿಸುವಾಗ. ಯಾರಾದರೂ ಬಿಚ್ಚಿಟ್ಟ ಕಾರು ಕೊಳ್ಳುವುದಾದರೆ ಬಿಡಿಭಾಗಗಳ ಪಟ್ಟಿ ಹಿಡಿದು ಪೆಟ್ಟಿಗೆಯನ್ನು ಅಲ್ಲೇ ಸುರಿದು ಎಣಿಸಿ. ಸಂಕೋಚ ಬೇಡ.

ಇನ್ನೊಂದು ತಪ್ಪು, ಖರ್ಚಿನ ಸರದಿ. ಬಂಪರ್‌ಗಳ ಕ್ರೋಮ್ ಮಾಡಿಸಿದ್ದು ಎಲ್ಲಕ್ಕಿಂತ ಮೊದಲು. ನೋಡಿದರೆ ಹುರುಪು ಬರುತ್ತದೆ ಅಂತ. ಅವು ಹದಿನಾಲ್ಕು ತಿಂಗಳು ಹಳೇ ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಮೂಲೆಯಲ್ಲಿ ಕೂತವು. ಆ ದುಡ್ಡು ವೆಲ್ಡಿಂಗ್ ಸಮಯಕ್ಕೆ ಕೈಯಲ್ಲಿ ಇರಬೇಕಿತ್ತು. ಅದಿಲ್ಲದೆ ಕೆಲಸ ಎರಡು ತಿಂಗಳು ನಿಂತಿತು. ಸರಿಯಾದ ಸರದಿ ಇದು: ಮೊದಲು ಬಾಡಿ, ಆಮೇಲೆ ಬ್ರೇಕ್, ಎಂಜಿನ್, ಅದಾದ ಮೇಲೆ ಪೇಂಟ್. ಕ್ರೋಮ್, ಸೀಟು, ಮೇಲಿನ ಮಡಚುವ ಹುಡ್ ಎಲ್ಲ ಕೊನೆಗೆ. ಮಧ್ಯದಲ್ಲಿ ಕೈ ಖಾಲಿಯಾದರೂ ಗಟ್ಟಿ ಬಾಡಿಯ ಕಾರಿಗೆ ಬೆಲೆ ಇರುತ್ತದೆ, ಅಲ್ವಾ? ಹೊಳೆಯುವ ಬಂಪರ್ ಇರುವ ಕೊಳೆತ ಬಾಡಿಗೆ ಯಾರು ಕೊಡುತ್ತಾರೆ?

ಸಮಯದ ಲೆಕ್ಕವಂತೂ ಪೂರ್ತಿ ತಪ್ಪಿತು. 400 ಗಂಟೆ ಅಂದುಕೊಂಡಿದ್ದೆ. ಪುಸ್ತಕದಲ್ಲಿ ಬರೆದಿಟ್ಟ ಪ್ರಕಾರ 900 ದಾಟಿತು. ಅದರಲ್ಲಿ ಅರ್ಧ ಬರೀ ಉಜ್ಜುವುದು, ತೊಳೆಯುವುದು, ಹುಡುಕುವುದು. ಬಿಚ್ಚುವಾಗ ಮೊದಲ ವಾರ ಯಾವುದಕ್ಕೂ ಚೀಟಿ ಅಂಟಿಸಲಿಲ್ಲ. ಆ ಒಂದು ವಾರದ ಆತುರಕ್ಕೆ ಜೋಡಿಸುವಾಗ ಎಷ್ಟೋ ಭಾನುವಾರ ತೆತ್ತೆ. ಆಮೇಲೆ ಪ್ರತಿ ಭಾಗದ ಫೋಟೋ, ಪ್ರತಿ ಚೀಲಕ್ಕೂ ಚೀಟಿ.

ಕೊನೆಗೆ ಆರು ಪಾಲಿಗಿಂತ ಸ್ವಲ್ಪ ಜಾಸ್ತಿ ಆಯಿತು. ನನ್ನ ದುಡಿಮೆಗೆ ಏನೂ ಹಾಕದೆ. ನಷ್ಟ ಒಂದಲ್ಲ, ಎರಡು ಪಾಲು. ಆದರೂ ನನಗೆ ಬೇಸರ ಇಲ್ಲ. ಮೊದಲ ಸಲ ಎರಡೂ ಎಸ್‌ಯು ಕಾರ್ಬುರೇಟರ್ ಹೊಂದಿಸಿ, ಎಂಜಿನ್ ಬಿಸಿಯಾದ ಮೇಲೆ ಆಯಿಲ್ ಪ್ರೆಶರ್ ಮುಳ್ಳು 60ರ ಹತ್ತಿರ ಅಲ್ಲಾಡದೆ ನಿಂತದ್ದನ್ನು ನೋಡಿದಾಗ ಕಣ್ಣು ತುಂಬಿ ಬಂತು. ಈಗಲೂ ಆರು ತಿಂಗಳಿಗೊಮ್ಮೆ ಕಾರನ್ನು ಜಾಕ್ ಮೇಲೆ ಎತ್ತಿ ಬಾಗಿಲು ಮುಚ್ಚಿ ನೋಡುತ್ತೇನೆ. ಸರಿಯಾಗಿ ಕೂರುತ್ತದೆ. ಹಾಳೆಯಲ್ಲಿ ಇನ್ನೂ ಎರಡು ಸಾಲು ಬಾಕಿ ಇವೆ: ಹಿಂದಿನ ಲೀಫ್ ಸ್ಪ್ರಿಂಗ್, ಮತ್ತೆ ಗಾಳಿ ಬಂದಾಗ ಸಿಳ್ಳೆ ಹಾಕುವ ಬಲಗಡೆ ಗಾಜಿನ ರಬ್ಬರ್.